ಉತಾರದಿಂದ ಒಟಿಪಿಯವರೆಗೆ: ಕಂಪ್ಯೂಟರ್ ಮತ್ತು ಜಾಲ ಭದ್ರತೆಯ ಮೊದಲ ಪಾಠಗಳು



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡದ್ದು ಕಂಪ್ಯೂಟರ್ ಮತ್ತು ಜಾಲ ಭದ್ರತೆ. ಅದನ್ನು ಹೊಸದಾಗಿ ಓದಲು ಹೊರಟವರು ಎಲ್ಲಿಂದ ಆರಂಭಿಸಬೇಕು ಎಂಬುದೇ ನನ್ನ ಮುಖ್ಯ ಪ್ರಶ್ನೆ. ವಿಷಯದ ಹೆಸರು ಕೇಳಿದ ಕೂಡಲೇ ವಿದ್ಯಾರ್ಥಿಗಳಿಗೆ ಹ್ಯಾಕಿಂಗ್ ನೆನಪಾಗುತ್ತದೆ. ಹಿರಿಯರಿಗೆ ಯಾರದೋ ಖಾತೆಯಿಂದ ಹಣ ಹೋದ ಸುದ್ದಿ ನೆನಪಾಗುತ್ತದೆ. ಇವೆರಡೂ ವಿಷಯದ ಅಂಚಿನಲ್ಲಿ ಇರುವಂಥವು. ತಿರುಳಿನಲ್ಲಿರುವ ಪ್ರಶ್ನೆ ಸರಳ: ಒಂದು ವ್ಯವಸ್ಥೆಯೊಳಗೆ ಯಾರು ಯಾರನ್ನು, ಯಾವ ಪುರಾವೆಯ ಮೇಲೆ ನಂಬುತ್ತಿದ್ದಾರೆ? ಈ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳಲು ಕಲಿಯುವುದೇ ಪ್ರಾಥಮಿಕ ಅಧ್ಯಯನ. ಕಲಿಯಲು ಬೇಕಾದ ಉದಾಹರಣೆಗಳು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ನಮ್ಮ ಐದು ತಾಲ್ಲೂಕುಗಳ ಕಚೇರಿ, ಸೊಸೈಟಿ, ಸಕ್ಕರೆ ಕಾರ್ಖಾನೆಗಳಲ್ಲೇ ಇವೆ ಎಂಬುದು ನನ್ನ ದೃಢ ನಂಬಿಕೆ. ಭದ್ರತೆ ಎಂದರೆ ಏನನ್ನು ಕಾಯುವುದು, ಗುರುತನ್ನು ಸಾಬೀತುಪಡಿಸುವುದು ಹೇಗೆ, ಜಾಲದ ಮೇಲೆ ಮಾಹಿತಿ ಹೇಗೆ ಸಾಗುತ್ತದೆ, ಗಡಿಭಾಗದ ನಮಗೆ ಕಾನೂನು ಏನು ಹೇಳುತ್ತದೆ ಎಂಬ ನಾಲ್ಕು ವಿಚಾರಗಳನ್ನು ಈ ಕ್ರಮದಲ್ಲೇ ತೆಗೆದುಕೊಳ್ಳುತ್ತೇನೆ.

ಮೊದಲನೆಯ ವಿಚಾರಕ್ಕೆ ಬರೋಣ. ಭದ್ರತೆಯ ಯಾವ ಪಠ್ಯಪುಸ್ತಕ ತೆರೆದರೂ ಮೊದಲ ಅಧ್ಯಾಯದಲ್ಲಿ ಮೂರು ಗುಣಗಳು ಎದುರಾಗುತ್ತವೆ: ಗೌಪ್ಯತೆ, ಸಮಗ್ರತೆ, ಲಭ್ಯತೆ. ನೋಡಬಾರದವರು ನೋಡಬಾರದು. ತಿದ್ದಬಾರದವರು ತಿದ್ದಬಾರದು. ಹಕ್ಕುಳ್ಳವರಿಗೆ ಬೇಕಾದ ಹೊತ್ತಿಗೆ ಸಿಗಬೇಕು. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ. ಅದರ ಬದಲು ನಮ್ಮೆಲ್ಲರ ಮನೆಯ ಟ್ರಂಕಿನಲ್ಲಿರುವ ಒಂದು ಕಾಗದವನ್ನು ಎದುರಿಗೆ ಇಟ್ಟುಕೊಳ್ಳೋಣ. ಸರಕಾರ ಅದನ್ನು ಪಹಣಿ ಎನ್ನುತ್ತದೆ, ನಮ್ಮ ಕಡೆಯವರು ಉತಾರ ಎನ್ನುತ್ತೇವೆ.

ತಲಾಠಿಯ ದಫ್ತರದಲ್ಲಿ ಕೈಬರಹದಲ್ಲಿದ್ದ ಉತಾರಗಳು ಕಂಪ್ಯೂಟರಿಗೆ ಬಂದದ್ದು ರಾಜ್ಯ ಸರಕಾರದ ಭೂಮಿ ಯೋಜನೆಯಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು 2002ರ ಹೊತ್ತಿಗೆ ಗಣಕೀಕರಣಗೊಂಡಿದ್ದವು. ಆಗ ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿತ್ತು. ಆ ಯೋಜನೆಯ ವಿನ್ಯಾಸದಲ್ಲಿ ಭದ್ರತೆಯ ವಿದ್ಯಾರ್ಥಿ ಗಮನಿಸಲೇಬೇಕಾದ ಎರಡು ಸಂಗತಿಗಳಿವೆ. ದಾಖಲೆ ಬದಲಿಸುವ ನೌಕರ ಪಾಸ್‌ವರ್ಡಿನ ಜೊತೆ ಬೆರಳಚ್ಚನ್ನೂ ಕೊಡಬೇಕಿತ್ತು. ಯಾವ ನಮೂದನ್ನು ಯಾರು ಮಾಡಿದರು ಎಂಬುದನ್ನು ಆಮೇಲೆ ಅವರು ನಿರಾಕರಿಸುವಂತಿರಲಿಲ್ಲ. ಎರಡನೆಯದಾಗಿ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶವೇ ಕಟ್ಟುಪಾಡು ಹಾಕಿತ್ತು. ಯಾರದೋ ಅರ್ಜಿಯನ್ನು ಮುಂದಕ್ಕೆ ತಳ್ಳುವ ಅಧಿಕಾರವನ್ನು ಮನುಷ್ಯನ ಕೈಯಿಂದ ತೆಗೆದು ನಿಯಮಕ್ಕೆ ಒಪ್ಪಿಸಿದ್ದು ಸಮಗ್ರತೆಯ ಪಾಠ. ಹೊರಗಿನ ಕಳ್ಳನಷ್ಟೇ ಒಳಗಿನ ನೌಕರನನ್ನೂ ಲೆಕ್ಕಕ್ಕೆ ತೆಗೆದುಕೊಂಡ ಆ ಯೋಚನೆ ಇಪ್ಪತ್ತು ವರ್ಷಗಳ ಮೇಲೂ ನನಗೆ ಮಾದರಿಯಾಗಿ ಕಾಣುತ್ತದೆ.

ಇನ್ನು ಗೌಪ್ಯತೆ. ಜಮೀನು ಕೊಂಡಾಗ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಾವು ಹೆಬ್ಬೆಟ್ಟು ಒತ್ತುತ್ತೇವೆ. ಆ ಖರೀದಿ ಪತ್ರದ ಪ್ರತಿಯಲ್ಲಿ ಬೆರಳಚ್ಚಿನ ಚಿತ್ರವೂ ಇರುತ್ತಿತ್ತು, ಆಧಾರ್ ಸಂಖ್ಯೆಯೂ ಇರುತ್ತಿತ್ತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದದ್ದು ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. 2023ರಲ್ಲಿ ಬೆಳಕಿಗೆ ಬಂದ ಪ್ರಕರಣಗಳಲ್ಲಿ ವಂಚಕರು ನೋಂದಣಿ ದಾಖಲೆಗಳಿಂದ ಬೆರಳಚ್ಚಿನ ಚಿತ್ರ ಎತ್ತಿ, ಅದರ ಅಚ್ಚು ತಯಾರಿಸಿ, ಖಾತೆಗಳಿಂದ ಹಣ ತೆಗೆದಿದ್ದರು. ಒಟಿಪಿ ಬರಲೇ ಇಲ್ಲ, ಏಕೆಂದರೆ ಆ ವ್ಯವಸ್ಥೆಗೆ ಒಟಿಪಿ ಬೇಕಿರಲಿಲ್ಲ. ಒಂದು ಕಚೇರಿಗೆ ಕೇವಲ ದಾಖಲೆಯ ಅಂಗವಾಗಿದ್ದ ಚಿತ್ರ ಇನ್ನೊಂದು ಕಚೇರಿಗೆ ಕೀಲಿಯಾಗಿತ್ತು! ಬಳಿಕ ರಾಜ್ಯದಲ್ಲಿ ಪತ್ರಗಳ ಪ್ರತಿಯಲ್ಲಿ ಬೆರಳಚ್ಚು ಕಾಣದಂತೆ ಮರೆಮಾಚುವ ಕ್ರಮ ಬಂತು. ಆಧಾರ್ ಜಾಲತಾಣದಲ್ಲಿ ಅಥವಾ ಅದರ ಆ್ಯಪಿನಲ್ಲಿ ನಮ್ಮ ಬೆರಳಚ್ಚನ್ನು ನಾವೇ ಲಾಕ್ ಮಾಡಿಡುವ ಸೌಲಭ್ಯವಿದೆ. ಇದನ್ನು ಮಾಡದವರು ಈ ವಾರದಲ್ಲೇ ಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಮೂರನೆಯದು ಲಭ್ಯತೆ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ದಿನಗಟ್ಟಲೆ ತೆವಳಿತು. ಜಮೀನು ನೋಂದಣಿಗೆ ದಿನ ಗೊತ್ತು ಮಾಡಿ, ಸಾಕ್ಷಿದಾರರನ್ನು ಕರೆತಂದವರು ಬರಿಗೈಯಲ್ಲಿ ಹಿಂತಿರುಗಿದರು. ತನಿಖೆಯಲ್ಲಿ ತಿಳಿದದ್ದು ಇಷ್ಟು: 62 ಇಮೇಲ್ ಖಾತೆಗಳನ್ನು ಸೃಷ್ಟಿಸಿ, 14 ಐಪಿ ವಿಳಾಸಗಳಿಂದ, ಋಣಭಾರ ಪತ್ರ ಹುಡುಕುವ ನೆಪದಲ್ಲಿ ಎರಡು ಗಂಟೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಹುಸಿ ಕೋರಿಕೆಗಳನ್ನು ಸರ್ವರಿಗೆ ಕಳಿಸಲಾಗಿತ್ತು. ಏನನ್ನೂ ಕದಿಯದೆ, ಏನನ್ನೂ ತಿದ್ದದೆ, ಕೌಂಟರ್ ಮಾತ್ರ ಮುಚ್ಚಿಸಿದ ದಾಳಿ ಇದು. ಹೀಗೆ ಒಂದೇ ಭೂದಾಖಲೆಯ ಸುತ್ತ ಮೂರೂ ಗುಣಗಳು ಸಿಗುತ್ತವೆ.

ರಾಯಬಾಗ, ಅಥಣಿ, ಕಾಗವಾಡದ ಕಬ್ಬು ಬೆಳೆಗಾರರು ಇಲ್ಲಿದ್ದೀರಿ. ಕಾರ್ಖಾನೆಯ ಕಾಟಾದ ಬಗ್ಗೆ ನೀವು ಕೇಳುವ ಪ್ರಶ್ನೆಯೂ ಇದೇ ಸಮಗ್ರತೆಯದು. ಟ್ರ್ಯಾಕ್ಟರಿನ ಭಾರವನ್ನು ಅಳೆಯುವ ಲೋಡ್‌ಸೆಲ್ ಒಂದು, ಅಂಕಿ ತೋರಿಸುವ ಯಂತ್ರ ಇನ್ನೊಂದು, ಚೀಟಿ ಮುದ್ರಿಸುವ ಕಂಪ್ಯೂಟರ್ ಮತ್ತೊಂದು. ಮೊದಲೆರಡಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳುತ್ತದೆ. ಮೂರನೆಯದರ ತಂತ್ರಾಂಶವನ್ನು ಯಾರು ಪರಿಶೀಲಿಸುತ್ತಾರೆ ಎಂದು ಕೇಳುವ ರೈತ ಭದ್ರತೆಯ ಒಳ್ಳೆಯ ವಿದ್ಯಾರ್ಥಿ.

ಈಗ ಎರಡನೆಯ ವಿಚಾರ, ಗುರುತು. ನಾನು ನಾನೇ ಎಂದು ಯಂತ್ರಕ್ಕೆ ಸಾಬೀತುಪಡಿಸುವ ದಾರಿ ಮೂರು: ನನಗೆ ಮಾತ್ರ ಗೊತ್ತಿರುವುದು, ನನ್ನ ಹತ್ತಿರ ಮಾತ್ರ ಇರುವುದು, ನನ್ನ ದೇಹದಲ್ಲಿರುವುದು. ಪಾಸ್‌ವರ್ಡ್, ಫೋನ್, ಬೆರಳು. ಮೂರನೆಯದರ ದೋಷವನ್ನು ಈಗಷ್ಟೇ ನೋಡಿದೆವು. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಪಾಸ್‌ವರ್ಡ್ ವಿಷಯದಲ್ಲಿ ಉಪದೇಶ ಹೆಚ್ಚು, ಲೆಕ್ಕ ಕಡಿಮೆ. ಆದ್ದರಿಂದ ಸ್ವಲ್ಪ ಲೆಕ್ಕ ಮಾಡೋಣ. ಇಂಗ್ಲಿಷಿನ 26 ಸಣ್ಣ ಅಕ್ಷರಗಳಿಂದ ಎಂಟು ಅಕ್ಷರದ ಪಾಸ್‌ವರ್ಡುಗಳು ಸುಮಾರು 20,882 ಕೋಟಿ ಸಾಧ್ಯ. ದೊಡ್ಡ ಸಂಖ್ಯೆ ಎನಿಸುತ್ತದೆ. ಆದರೆ ಕದ್ದ ಪಾಸ್‌ವರ್ಡ್ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಸೆಕೆಂಡಿಗೆ ಸಾವಿರ ಕೋಟಿ ಊಹೆಗಳನ್ನು ಪರೀಕ್ಷಿಸುವ ಯಂತ್ರಕ್ಕೆ ಇದು ಇಪ್ಪತ್ತೊಂದು ಸೆಕೆಂಡಿನ ಕೆಲಸ. ಹನ್ನೆರಡು ಅಕ್ಷರವಾದರೆ ಅದೇ ಯಂತ್ರಕ್ಕೆ 110 ದಿನ ಬೇಕು. ಹದಿನಾರಾದರೆ ಒಂದು ಲಕ್ಷ ವರ್ಷಕ್ಕೂ ಮೇಲೆ. ಉದ್ದ ಎಷ್ಟು ಕೆಲಸ ಮಾಡುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಆದರೆ ಈ ಲೆಕ್ಕ ಅಕ್ಷರಗಳನ್ನು ಯಾದೃಚ್ಛಿಕವಾಗಿ ಆರಿಸಿದಾಗ ಮಾತ್ರ ನಿಜ. ಊರಿನ ಹೆಸರಿನ ಮುಂದೆ ಜನ್ಮವರ್ಷ ಸೇರಿಸಿದರೆ ಅದು ಎಷ್ಟು ಉದ್ದವಿದ್ದರೂ ಊಹೆಗಾರನ ಪಟ್ಟಿಯಲ್ಲಿ ಮೊದಲೇ ಇರುತ್ತದೆ. ಪಾಸ್‌ವರ್ಡನ್ನು ಇದ್ದಂತೆಯೇ ಸಂಗ್ರಹಿಸದೆ, ಹಿಂದಿರುಗಿಸಲಾಗದ ಗಣಿತದ ಮೂಲಕ ಬದಲಿಸಿಡಬೇಕು, ಪ್ರತಿಯೊಂದಕ್ಕೂ ಬೇರೆ ಬೇರೆ ಸಂಖ್ಯೆಯನ್ನು ಬೆರೆಸಬೇಕು ಎಂಬುದನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಬರೆದರು. ಇಷ್ಟು ಹಳೆಯ ಪಾಠವನ್ನು ಇಂದಿಗೂ ಪಾಲಿಸದ ತಂತ್ರಾಂಶಗಳಿವೆ ಎಂಬುದು ಬೇಸರದ ಸಂಗತಿ.

ಒಟಿಪಿಯ ಲೆಕ್ಕ ಬೇರೆ. ಆರು ಅಂಕಿ ಎಂದರೆ ಹತ್ತು ಲಕ್ಷ ಸಾಧ್ಯತೆ. ಬ್ಯಾಂಕ್ ಮೂರು ಸಲ ಮಾತ್ರ ಅವಕಾಶ ಕೊಟ್ಟರೆ ಊಹಿಸಿ ಗೆಲ್ಲುವ ಸಂಭವ ಹತ್ತು ಲಕ್ಷಕ್ಕೆ ಮೂರು. ಯಾವ ವಂಚಕನೂ ಇದಕ್ಕೆ ಕೈ ಹಾಕುವುದಿಲ್ಲ. ಅವನು ನೇರವಾಗಿ ನಮ್ಮನ್ನೇ ಕೇಳುತ್ತಾನೆ, ಇಲ್ಲವೇ ನಮ್ಮ ಫೋನನ್ನು ಕೇಳುತ್ತಾನೆ. ಫೋನನ್ನು ಕೇಳುವ ಬಗೆ ಹೀಗೆ: ವಾಟ್ಸ್‌ಆ್ಯಪಿನಲ್ಲಿ ಲಗ್ನಪತ್ರಿಕೆ ಎಂದೋ, ವಾಹನದ ದಂಡದ ಚಲನ್ ಎಂದೋ, ಕಿಸಾನ್ ಯೋಜನೆಯ ಫಲಾನುಭವಿ ಪಟ್ಟಿ ಎಂದೋ ಒಂದು ಕಡತ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಚಿತ್ರವಲ್ಲ, ಪಟ್ಟಿಯಲ್ಲ, ಆ್ಯಪ್. ತೆರೆದಾಗ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಬರುವ ಪ್ರತಿ ಒಟಿಪಿಯೂ ಬೇರೊಬ್ಬರಿಗೆ ತಲುಪುತ್ತದೆ. ಯಾವುದೇ ಕಾರ್ಯಕ್ರಮಕ್ಕೆ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು ಎಂಬ ತತ್ವವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ 1975ರ ತಮ್ಮ ಪ್ರಬಂಧದಲ್ಲಿ ಸ್ಪಷ್ಟಪಡಿಸಿದ್ದರು. ಲಗ್ನಪತ್ರಿಕೆಗೆ ನನ್ನ ಎಸ್‌ಎಂಎಸ್ ಓದುವ ಅಗತ್ಯವೇನು ಎಂದು ಕೇಳುವ ಅಜ್ಜಿ ಆ ತತ್ವವನ್ನೇ ಬಳಸುತ್ತಿದ್ದಾಳೆ.

ಇಲ್ಲಿ ಒಂದು ನೋವಿನ ಮಾತು ಹೇಳಬೇಕು. 2025ರ ಮಾರ್ಚಿನಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ವೃದ್ಧ ದಂಪತಿ, ಅಧಿಕಾರಿಯ ಸೋಗಿನಲ್ಲಿ ಕರೆ ಮಾಡಿ ಬಂಧಿಸಿದ್ದೇವೆ ಎನ್ನುವ ಡಿಜಿಟಲ್ ಅರೆಸ್ಟ್ ಎಂಬ ಬೆದರಿಕೆಗೆ ಸಿಕ್ಕಿ, ಹಣ ಕಳೆದುಕೊಂಡು, ಜೀವವನ್ನೇ ಕಳೆದುಕೊಂಡರು. ಅದಕ್ಕೂ ಮುಂಚೆ, 2024ರ ಅಕ್ಟೋಬರ್ 27ರ ‘ಮನದ ಮಾತು’ ಬಾನುಲಿ ಕಾರ್ಯಕ್ರಮದಲ್ಲಿ ಪ್ರಧಾನಿಯವರು ನೆರೆಯ ವಿಜಯಪುರದ ಒಬ್ಬರಿಗೆ ಬಂದಿದ್ದ ಇಂಥದ್ದೇ ಕರೆಯನ್ನು ದೇಶಕ್ಕೆ ಕೇಳಿಸಿದ್ದರು. ವಿಡಿಯೊ ಕರೆಯಲ್ಲಿ ಬಂಧಿಸುವ ಅಧಿಕಾರ ಭಾರತದ ಯಾವ ಕಾನೂನಿನಲ್ಲೂ ಯಾರಿಗೂ ಇಲ್ಲ. ಇಂಥ ಬೆದರಿಕೆಯನ್ನು ಮೂಢರಷ್ಟೇ ನಂಬುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಜೀವಮಾನವಿಡೀ ಕಚೇರಿಯ ಶಿಸ್ತಿಗೆ, ಸರಕಾರಿ ಮೊಹರಿಗೆ ಗೌರವ ಕೊಟ್ಟು ಬದುಕಿದವರೇ ಇದಕ್ಕೆ ಹೆಚ್ಚು ಸಿಕ್ಕಿಬೀಳುತ್ತಾರೆ. ಯಂತ್ರ ನಮ್ಮಿಂದ ಪುರಾವೆ ಕೇಳುತ್ತದೆ. ಕರೆ ಮಾಡಿದವನಿಂದ ನಾವೂ ಪುರಾವೆ ಕೇಳಬಹುದು, ಕೇಳಬೇಕು. ಭದ್ರತೆಯ ಭಾಷೆಯಲ್ಲಿ ಇದಕ್ಕೆ ಪರಸ್ಪರ ದೃಢೀಕರಣ ಎನ್ನುತ್ತಾರೆ. ಇದು ಎಂಜಿನಿಯರಿಂಗ್ ತರಗತಿಯಷ್ಟೇ ಮನೆಯ ಕಟ್ಟೆಯ ಮೇಲೂ ಚರ್ಚೆಯಾಗಬೇಕು.

ಮೂರನೆಯ ವಿಚಾರವಾದ ಜಾಲಕ್ಕೆ ಹೋಗೋಣ. ನಾವು ಕಳಿಸುವ ಯಾವುದೇ ಸಂದೇಶ ಸಣ್ಣ ಸಣ್ಣ ಪ್ಯಾಕೆಟುಗಳಾಗಿ ಒಡೆದು, ಒಂದು ರೌಟರಿನಿಂದ ಇನ್ನೊಂದಕ್ಕೆ ದಾಟುತ್ತ ಸಾಗುತ್ತದೆ. ಪ್ರತಿ ಪ್ಯಾಕೆಟಿನ ತಲೆಯ ಮೇಲೆ ಕಳಿಸಿದವರ ಮತ್ತು ತಲುಪಬೇಕಾದವರ ಐಪಿ ವಿಳಾಸ ಇರುತ್ತದೆ. ಒಳಗಿರುವುದನ್ನು ಗೂಢಲಿಪಿಯಲ್ಲಿ ಬರೆಯದಿದ್ದರೆ ದಾರಿಯ ಯಾವ ರೌಟರ್ ಆದರೂ ಅದನ್ನು ಓದಬಹುದು. ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶದಿಂದ ವಿದ್ಯಾರ್ಥಿಗಳು ತಮ್ಮದೇ ಕಂಪ್ಯೂಟರಿನ ಪ್ಯಾಕೆಟುಗಳನ್ನು ಬಿಡಿಸಿ ನೋಡಬಹುದು. ಒಂದು ಮಧ್ಯಾಹ್ನ ಹೀಗೆ ನೋಡಿದರೆ ತಿಂಗಳ ಪಾಠಕ್ಕಿಂತ ಹೆಚ್ಚು ಅರ್ಥವಾಗುತ್ತದೆ.

ಗೂಢಲಿಪಿಯಲ್ಲಿ ಹಿಂದೆ ಒಂದು ದೊಡ್ಡ ತೊಡಕಿತ್ತು. ಇಬ್ಬರೂ ಮೊದಲೇ ಭೇಟಿಯಾಗಿ ಒಂದು ಗುಟ್ಟಿನ ಕೀಲಿಯನ್ನು ಹಂಚಿಕೊಂಡಿರಬೇಕಿತ್ತು. ಕಾಗವಾಡದ ಗ್ರಾಹಕ ಮುಂಬಯಿಯ ಸರ್ವರನ್ನು ಎಲ್ಲಿ ಭೇಟಿಯಾಗುತ್ತಾನೆ? 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಇದಕ್ಕೆ ದಾರಿ ತೋರಿದರು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಅವಿಭಾಜ್ಯ ಸಂಖ್ಯೆಗಳ ಮೇಲೆ ಒಂದು ಪದ್ಧತಿ ಕಟ್ಟಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಮಾತ್ರ ಕೊಟ್ಟು ಮೂಲದ ಎರಡನ್ನು ಹುಡುಕು ಎಂದರೆ ಕಷ್ಟ. 250 ಅಂಕಿಗಳ ಅಂಥ ಒಂದು ಸಂಖ್ಯೆಯನ್ನು ಒಡೆಯಲು ವಿಜ್ಞಾನಿಗಳಿಗೆ ಸಾಧ್ಯವಾದದ್ದು 2020ರಲ್ಲಿ. ಇಂದು ಸಾಮಾನ್ಯವಾಗಿ ಬಳಸುವ ಸಂಖ್ಯೆಗೆ 617 ಅಂಕಿ. ಈ ಕ್ಷೇತ್ರದಲ್ಲಿ ಭಾರತದ ಒಂದು ಹೆಮ್ಮೆಯನ್ನೂ ನೆನೆಯಬೇಕು. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿ, ಸಮಂಜಸ ಕಾಲದಲ್ಲಿ ಹೇಳುವ ಕ್ರಮವನ್ನು 2002ರಲ್ಲಿ ಕೊಟ್ಟವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಆ ವಿದ್ಯಾರ್ಥಿಗಳಿಬ್ಬರೂ ಆಗಷ್ಟೇ ಪದವಿ ಮುಗಿಸಿದ್ದರು.

ಒಂದು ಎಚ್ಚರಿಕೆ. ಬ್ರೌಸರಿನಲ್ಲಿ ಕಾಣುವ ಬೀಗದ ಗುರುತು ದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ ಹೇಳುತ್ತದೆ. ಆಚೆ ತುದಿಯಲ್ಲಿರುವವನು ಪ್ರಾಮಾಣಿಕ ಎಂದು ಹೇಳುವುದಿಲ್ಲ. ವಂಚಕನ ಜಾಲತಾಣಕ್ಕೂ ಬೀಗ ಇರುತ್ತದೆ.

ಜಾಲದಲ್ಲಿ ನಂಬಿಕೆ ಹೇಗೆ ಮುರಿಯುತ್ತದೆ ಎಂಬುದಕ್ಕೆ ನಮಗೆ ಹತ್ತಿರದ ದೊಡ್ಡ ಉದಾಹರಣೆ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನದು. 2018ರ ಆಗಸ್ಟ್ 11 ಮತ್ತು 13ರಂದು ಅಲ್ಲಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. ಸಾಮಾನ್ಯವಾಗಿ ಎಟಿಎಂ ಯಂತ್ರ ಹಣ ಕೊಡುವ ಮೊದಲು ಬ್ಯಾಂಕಿನ ಸ್ವಿಚ್ ಎಂಬ ವ್ಯವಸ್ಥೆಯನ್ನು ಕೇಳುತ್ತದೆ, ಸ್ವಿಚ್ ಮುಖ್ಯ ಲೆಕ್ಕಪತ್ರವನ್ನು ಕೇಳುತ್ತದೆ. ದಾಳಿಕೋರರು ಬ್ಯಾಂಕಿನ ಜಾಲದೊಳಗೆ ಹೊಕ್ಕು ಒಂದು ಹುಸಿ ಸ್ವಿಚ್ ನಿಲ್ಲಿಸಿದರು. ಅದು ಲೆಕ್ಕಪತ್ರವನ್ನು ಕೇಳದೆಯೇ ಎಲ್ಲ ಕೋರಿಕೆಗೂ ಹೂಂ ಎಂದಿತು. ನಕಲಿ ಕಾರ್ಡುಗಳಿಂದ 28 ದೇಶಗಳಲ್ಲಿ ಕೆಲವೇ ಗಂಟೆಗಳಲ್ಲಿ ಹಣ ತೆಗೆಯಲಾಯಿತು. ಭಾರತದಲ್ಲಿ ಹಣ ತೆಗೆದ ಊರುಗಳಲ್ಲಿ ನಿಪ್ಪಾಣಿಯ ಪಕ್ಕದ ಕೊಲ್ಹಾಪುರವೂ ಇತ್ತು. ಪ್ರಕರಣದ 11 ಆರೋಪಿಗಳಿಗೆ 2023ರಲ್ಲಿ ಪುಣೆಯ ನ್ಯಾಯಾಲಯ ಶಿಕ್ಷೆ ವಿಧಿಸಿತು. ಯಾವ ಗ್ರಾಹಕನೂ ಪಿನ್ ಹೇಳಿರಲಿಲ್ಲ, ಒಟಿಪಿ ಕೊಟ್ಟಿರಲಿಲ್ಲ. ಎಟಿಎಂ ತನಗೆ ಬಂದ ಉತ್ತರ ನಿಜವಾದ ಸ್ವಿಚ್‌ನದೇ ಎಂದು ನಂಬಿತ್ತು, ಅಷ್ಟೇ. ಭದ್ರತೆಯೆಂದರೆ ಗ್ರಾಹಕರ ಜಾಗೃತಿ ಎಂದು ಮಾತ್ರ ಹೇಳುತ್ತ ಹೋಗುವ ಸಂಸ್ಥೆಗಳು ಈ ಪ್ರಕರಣವನ್ನು ಓದಬೇಕು.

ಇನ್ನು ನಾಲ್ಕನೆಯ ಮತ್ತು ಕೊನೆಯ ವಿಚಾರ: ಕಾನೂನು ಮತ್ತು ಗಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ಮರುವರ್ಷವೇ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆಯಿತು. ಈಗ ಬೆಳಗಾವಿಯಲ್ಲೂ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡುವ ಸಿಇಎನ್ ಠಾಣೆ ಇದೆ. ಕಾಯ್ದೆಯ 66ಸಿ ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಗುರುತನ್ನು ಬಳಸುವುದನ್ನು, 66ಡಿ ಬೇರೊಬ್ಬರಂತೆ ನಟಿಸಿ ವಂಚಿಸುವುದನ್ನು ಅಪರಾಧವೆನ್ನುತ್ತದೆ. ಎರಡಕ್ಕೂ ಮೂರು ವರ್ಷದವರೆಗೆ ಸೆರೆವಾಸವಿದೆ. ಕಲಿಯುವ ಹುಮ್ಮಸ್ಸಿನಲ್ಲಿರುವ ವಿದ್ಯಾರ್ಥಿಗಳು ವಿಶೇಷವಾಗಿ ತಿಳಿಯಬೇಕಾದದ್ದು 43 ಮತ್ತು 66ನೇ ಕಲಮುಗಳು. ಮಾಲೀಕರ ಅನುಮತಿಯಿಲ್ಲದೆ ಅವರ ಕಂಪ್ಯೂಟರ್ ಪ್ರವೇಶಿಸುವುದನ್ನು ಅವು ತಡೆಯುತ್ತವೆ. ಕಾಲೇಜಿನ ಸರ್ವರ್ ಎಷ್ಟು ಗಟ್ಟಿ ಇದೆ ನೋಡುತ್ತಿದ್ದೆ ಎಂಬ ಉತ್ತರ ನಿಮ್ಮನ್ನು ಕಾಪಾಡುವುದಿಲ್ಲ. ಪ್ರಯೋಗ ಮಾಡಬೇಕಾದದ್ದು ನಿಮ್ಮದೇ ಯಂತ್ರದಲ್ಲಿ, ಅಥವಾ ಲಿಖಿತ ಅನುಮತಿ ಇರುವಲ್ಲಿ.

ಗಡಿಯ ವಿಷಯ ನಮಗೆ ನಿತ್ಯದ್ದು. ಮನೆ ಕಾಗವಾಡದಲ್ಲಿ, ಅಂಗಡಿ ಮಿರಜದಲ್ಲಿ. ಊರು ನಿಪ್ಪಾಣಿ, ಖಾತೆ ಕೊಲ್ಹಾಪುರದ ಬ್ಯಾಂಕಿನಲ್ಲಿ. ಹಣ ಕಳೆದಾಗ ಯಾವ ರಾಜ್ಯದ ಠಾಣೆಗೆ ಹೋಗಬೇಕು ಎಂದು ಯೋಚಿಸುತ್ತ ಕೂತರೆ ಹಣ ಖಾತೆಯಿಂದ ಖಾತೆಗೆ ಜಿಗಿದಿರುತ್ತದೆ. 1930 ಸಹಾಯವಾಣಿ ಇಡೀ ದೇಶಕ್ಕೆ ಒಂದೇ. ಕರೆ ಬೇಗ ಹೋದಷ್ಟೂ ಹಣವನ್ನು ಮುಂದಿನ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಠಾಣೆಗಳು ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು.

ತನಿಖೆಯ ತಾಂತ್ರಿಕ ಮುಖವನ್ನೂ ಸ್ವಲ್ಪ ಹೇಳುತ್ತೇನೆ. ಐಪಿ ವಿಳಾಸ ಸಿಕ್ಕರೆ ಅಪರಾಧಿ ಸಿಕ್ಕ ಎಂಬ ಕಲ್ಪನೆ ಸಿನಿಮಾದಿಂದ ಬಂದದ್ದು. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಏಕಕಾಲಕ್ಕೆ ಬಹಳ ಜನ ಗ್ರಾಹಕರಿಗೆ ಹಂಚಿರುತ್ತವೆ. ಅವರಲ್ಲಿ ಒಬ್ಬರನ್ನು ಬೇರ್ಪಡಿಸಲು ಪೋರ್ಟ್ ಸಂಖ್ಯೆ ಬೇಕು, ಸೆಕೆಂಡಿನವರೆಗೆ ನಿಖರವಾದ ಸಮಯ ಬೇಕು. ಕಚೇರಿಯ ಕಂಪ್ಯೂಟರಿನ ಗಡಿಯಾರ ಐದು ನಿಮಿಷ ಹಿಂದಿದ್ದರೆ ನಿರಪರಾಧಿಯ ಮನೆಗೆ ಪೊಲೀಸರು ಬರಬಹುದು. ಆದ್ದರಿಂದಲೇ ಸೈಬರ್ ಭದ್ರತೆಯ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ಆದೇಶ ಗಡಿಯಾರಗಳನ್ನು ಸರಕಾರಿ ಕಾಲಮಾಪಕದೊಂದಿಗೆ ಹೊಂದಿಸಿಡಿ, ಯಂತ್ರಗಳ ಚಟುವಟಿಕೆಯ ಲಾಗ್‌ಗಳನ್ನು 180 ದಿನ ಉಳಿಸಿಡಿ, ಘಟನೆಯನ್ನು ಆರು ಗಂಟೆಯೊಳಗೆ ತಿಳಿಸಿ ಎಂದು ಹೇಳುತ್ತದೆ.

ಕಾನೂನಿನ ಮಾತು ಮುಗಿಸುವ ಮೊದಲು ಒಂದು ತೀರ್ಪನ್ನು ನೆನೆಯಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿನ ಅರ್ಜಿದಾರರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಆ ಅರ್ಜಿ ಹಾಕಿದ್ದರು. ಭದ್ರತೆಯನ್ನು ಓದುವವರು ಆ ತೀರ್ಪನ್ನು ಓದದೆ ಮುಂದೆ ಹೋಗಬಾರದು. ಏನನ್ನು ಕಾಯಬೇಕು ಎಂಬುದಕ್ಕೆ ಕಾರಣ ಅದರಲ್ಲಿದೆ.

ಹಾಗಾದರೆ ಭದ್ರತೆಯ ವಿಷಯವನ್ನು ಯಾರು ಓದಬೇಕು, ಎಲ್ಲಿ? ಬೆಳಗಾವಿಯಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ, ಚಿಕ್ಕೋಡಿಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳಿಗೆ ದಾರಿ ತೆರೆದಿದೆ. ನನ್ನ ಚಿಂತೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯ ನಮ್ಮ ಬಿ.ಎ., ಬಿ.ಕಾಂ. ಮಕ್ಕಳ ಬಗ್ಗೆ. ಕಾರಣ ಹೇಳುತ್ತೇನೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರಿ ಪರಂಪರೆ ನಮ್ಮ ಭಾಗದಲ್ಲಿ ಊರಿಗೊಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ, ಅಂದರೆ ಪಿಕೆಪಿಎಸ್, ಆಗಿ ನಿಂತಿದೆ. 2022ರ ಜೂನಿನಲ್ಲಿ ಕೇಂದ್ರ ಸರಕಾರ ದೇಶದ 63,000 ಪ್ರಾಥಮಿಕ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕೀರ್ದಿ ಪುಸ್ತಕ ಈಗ ಪರದೆಗೆ ಬರುತ್ತಿದೆ. ಆ ಪರದೆಯ ಮುಂದೆ ಕೂರುವವರು ಈ ಬಿ.ಕಾಂ. ಮಕ್ಕಳೇ. ಕಾರ್ಯದರ್ಶಿಯ ಪಾಸ್‌ವರ್ಡನ್ನು ಮೂವರು ಬಳಸಿದರೆ ನಾಳೆ ತಪ್ಪು ನಮೂದಿಗೆ ಯಾರು ಹೊಣೆ ಎಂಬುದು ಅವರಿಗೆ ತಿಳಿದಿರಬೇಕು. ಅದನ್ನು ಕನ್ನಡದಲ್ಲೇ, ಬೇಕಾದಲ್ಲಿ ಮರಾಠಿಯಲ್ಲೂ, ಹೇಳಿಕೊಡಬೇಕು.

ಇಲ್ಲಿರುವ ಕಾಲೇಜುಗಳ ಮುಖ್ಯಸ್ಥರಲ್ಲಿ ನನ್ನದೊಂದು ಕೋರಿಕೆ. ಒಂದು ಸೆಮಿಸ್ಟರಿನ ಪ್ರಾಯೋಗಿಕ ಕೆಲಸವಾಗಿ ನಾಲ್ಕು ವಿದ್ಯಾರ್ಥಿಗಳ ಒಂದೊಂದು ತಂಡವನ್ನು, ಆಡಳಿತ ಮಂಡಳಿಯ ಲಿಖಿತ ಅನುಮತಿ ಪಡೆದು, ಹತ್ತಿರದ ಒಂದು ಸೊಸೈಟಿಗೆ ಕಳಿಸಿ. ಅವರು ಯಾವ ದಾಳಿಯನ್ನೂ ಮಾಡುವುದು ಬೇಡ. ಎಷ್ಟು ಲಾಗಿನ್‌ಗಳಿವೆ, ನಿವೃತ್ತರಾದವರ ಲಾಗಿನ್ ಇನ್ನೂ ಜೀವಂತವಿದೆಯೇ, ವೈಫೈ ರೌಟರಿನ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಇದೆಯೇ, ವಿಂಡೋಸ್ ಕೊನೆಯ ಸಲ ಯಾವಾಗ ನವೀಕರಣಗೊಂಡಿತು ಎಂದು ಬರೆದುಕೊಂಡು ಬರಲಿ. ಬ್ಯಾಕಪ್ ತೆಗೆಯುತ್ತೀರಾ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಆ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಒಬ್ಬ ಸದಸ್ಯನ ಸಾಲದ ಖಾತೆ ತೆರೆದು, ಬಾಕಿ ಮೊತ್ತ ಪಾಸ್‌ಬುಕ್ಕಿನೊಂದಿಗೆ ತಾಳೆಯಾಗುತ್ತದೆಯೇ ಎಂದು ಕಾರ್ಯದರ್ಶಿಯವರ ಎದುರಿಗೇ ನೋಡಲಿ.